ಮುದ್ದೆಗೆ ಮುಂಚೆ ಮೂರು ಪ್ರಶ್ನೆ

ಗುಮ್ಮಳಾಪುರದ ನಮ್ಮ ಮನೆಗೆ ಇದ್ದದ್ದು ಒಂದೇ ಬಾಗಿಲು. ಹಿತ್ತಿಲ ಕಡೆಗೆ ತಾತ ಬಿಟ್ಟಿದ್ದ ಇನ್ನೊಂದು ಬಾಗಿಲಿಗೆ ನಮ್ಮಪ್ಪ ಚಪ್ಪಡಿ ಕಲ್ಲು ನಿಲ್ಲಿಸಿ ಗಾರೆ ಮೆತ್ತಿಬಿಟ್ಟಿದ್ದ. ಹಾವು ಬರುತ್ತದೆ ಎಂಬುದು ಅವನು ಹೇಳುತ್ತಿದ್ದ ಕಾರಣ. ಹಾವೇನೋ ಆಮೇಲೂ ಬರುತ್ತಿತ್ತು, ನಮಗೆ ಹೊರಗೆ ಹೋಗುವ ದಾರಿ ಮಾತ್ರ ತಪ್ಪಿತು. ಗೋಡೆಯೂ ಚಪ್ಪಡಿ, ಸೂರೂ ಚಪ್ಪಡಿ. ಬೇಸಿಗೆಯಲ್ಲಿ ಒಳಗೆ ಕೂತರೆ ಹೆಂಚಿನ ಮೇಲಿನ ರೊಟ್ಟಿಯ ಪಾಡು. ನಡುಮನೆ, ಅದರ ಮಗ್ಗುಲಿಗೆ ಅಡುಗೆಮನೆ, ಆಚೆ ರಾಗಿ ಮೂಟೆ ಇಡುವ ಕತ್ತಲೆ ಕೋಣೆ, ಇಷ್ಟೇ ಮನೆ. ಕಿಟಕಿ ಅಂತ ಇದ್ದದ್ದು ನಡುಮನೆಯಲ್ಲಿ ಒಂದು, ಅದಕ್ಕೂ ಮೂರು ಕಬ್ಬಿಣದ ಸರಳು. ಸಂಜೆ ಆರೂವರೆಗೆ ಊರ ಮುಂದೆ ಕಂಪನಿ ಬಸ್ಸು ಹಾರನ್ ಹೊಡೆಯುತ್ತಿತ್ತು. ಅಲ್ಲಿಂದ ಐದು ನಿಮಿಷಕ್ಕೆ ಅಪ್ಪ ಕಾಲು ತೊಳೆದುಕೊಂಡು ಒಳಗೆ ಬಂದು, ಬಾಗಿಲು ಹಾಕಿ, ಅಗುಳಿ ಜಡಿಯುತ್ತಿದ್ದ. ನನಗೀಗ ಕೂದಲು ನರೆತಿದೆ, ಮನೆಗೆ ಮೂರು ಬಾಗಿಲಿದೆ, ಆದರೂ ಯಾರಾದರೂ ಜೋರಾಗಿ ಅಗುಳಿ ಹಾಕಿದರೆ ರೇಗಿಬಿಡುತ್ತೇನೆ. ಮನೆಯವರು ಇವಳಿಗೆ ಏನೋ ಹಿಡಿದಿದೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಅಪ್ಪನ ಹೆಸರು ಮುನಿರಾಜಪ್ಪ. ಊರು ತಮಿಳು ಸೀಮೆಯದು, ಮನೆಮಾತು ಕನ್ನಡ. ಅಪ್ಪ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ವಿಮಾನದ ಎಂಜಿನ್ನಿನ ಒಳಗೆ ಕೂರುವ ಬೆರಳುದ್ದದ ಒಂದು ಭಾಗವನ್ನು ಉಜ್ಜಿ ನುಣುಪು ಮಾಡುವುದು ಅವನ ಕೆಲಸ. ವಿಮಾನವನ್ನು ಹತ್ತಿರದಿಂದ ಕಂಡವನಲ್ಲ. ಆದರೆ ವಿಮಾನ ಹುಟ್ಟಿದ ಕಥೆಯೆಲ್ಲ ಪ್ರಶ್ನೆ, ಉತ್ತರವಾಗಿ ಅವನ ನೋಟ್‌ಬುಕ್ಕಿನಲ್ಲಿತ್ತು. ಕಂದು ರಟ್ಟಿನ ಉದ್ದನೆಯ ನೋಟ್‌ಬುಕ್ಕು. ಅದನ್ನು ತೊಡೆಯ ಮೇಲಿಟ್ಟುಕೊಂಡು, ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು ಅವನು ಕೂರುತ್ತಿದ್ದ. ಎದುರಿಗೆ ಅಮ್ಮ, ನಾನು, ನನ್ನ ತಂಗಿ ಚಿಕ್ಕಿ. ಮೂವರ ಮುಂದೆಯೂ ತಟ್ಟೆ, ತಟ್ಟೆಯಲ್ಲಿ ಹೊಗೆಯಾಡುವ ರಾಗಿ ಮುದ್ದೆ, ಹುರುಳಿಕಾಳಿನ ಸಾರು. ಕೈ ಮಾತ್ರ ಮಡಿಲಲ್ಲೇ ಇರಬೇಕು. ತಲೆಗೊಂದು ಪ್ರಶ್ನೆ. ಮೂರೂ ಉತ್ತರ ಮುಗಿದ ಮೇಲೆ ಅಪ್ಪ ನೋಟ್‌ಬುಕ್ ಮುಚ್ಚಿ “ಸರಿ” ಎನ್ನುತ್ತಿದ್ದ. ಆ “ಸರಿ” ಬಿದ್ದ ಮೇಲೆಯೇ ಕೈ ತಟ್ಟೆಗೆ ಹೋಗಬೇಕು. ಒಬ್ಬರು ತಪ್ಪಿದರೆ ಅವರು ನೆನಪಿಸಿಕೊಂಡು ಹೇಳುವ ತನಕ ಎಲ್ಲರೂ ಕಾಯಬೇಕು. ಅವನೂ ಕಾಯುತ್ತಿದ್ದ ಅನ್ನಿ, ಅವನ ಮುದ್ದೆಯೂ ಆರಿ ತೊಗಲು ಕಟ್ಟುತ್ತಿತ್ತು. ನನಗೆ ಅದೊಂದೇ ಸಮಾಧಾನ.

ಅಜ್ಜಿಗೆ ಮಾತ್ರ ವಿನಾಯಿತಿ. ಅಪ್ಪನನ್ನು ಹೆತ್ತವಳು ಅವಳು. ಮೊದಲ ದಿನವೇ ತನ್ನ ತಟ್ಟೆ ಎತ್ತಿಕೊಂಡು ಮೂಲೆಗೆ ಹೋಗಿ ಕೂತು ಹೇಳಿದಳಂತೆ:

“ನನ್ನೇನಾರ ಕೇಳ್ದೆ ಅಂದ್ರೆ ನಿನ್ ಬುಕ್ಕ ಒಲೆಗೆ ಹಾಕ್ಬುಡ್ತೀನಿ ಕಣ್ಲಾ. ಉಣ್ಣೋ ಹೊತ್ನಾಗೆ ಇದ್ಯಾವ ರಾಮಾಯ್ಣ?”

ಆಮೇಲೆ ಅವಳ ತಂಟೆಗೆ ಅವನು ಹೋಗಲಿಲ್ಲ. ನಮ್ಮ ಮೂವರ ಪಾಲಿಗೆ ಮಾತ್ರ ರಾಮಾಯಣ ವರ್ಷಗಟ್ಟಲೆ ನಡೆಯಿತು.

“ಮೊದ್ಲು ಬಲೂನ್ನಾಗೆ ಮೇಲಕ್ಕೋದ ಮೂರು ಜೀವ ಯಾವ್ಯಾವು?”

“ಕುರಿ, ಬಾತು, ಹುಂಜ.” ಇದು ಚಿಕ್ಕಿಯ ಪ್ರಶ್ನೆ. ಅವಳಿಗೆ ಹೊತ್ತಿಗೆ ಸರಿಯಾಗಿ ನಿದ್ದೆ ಬರುತ್ತಿದ್ದುದರಿಂದ ಅಪ್ಪ ಕನಿಕರದಿಂದ ಇದನ್ನೇ ತಿರುಗಿಸಿ ಮುರುಗಿಸಿ ಕೇಳುತ್ತಿದ್ದ.

“ಸೈಕಲ್ ಅಂಗಡಿ ಅಣ್ತಮ್ಮ ಮೊದಲ್ನೇ ದಪ ಎಷ್ಟೊತ್ತು ಹಾರುದ್ರು?”

“ಹನ್ನೆರಡು ಸೆಕೆಂಡು,” ಅಮ್ಮ ಹೇಳುತ್ತಿದ್ದಳು. ಒಂದು ದಿನ ಧೈರ್ಯ ಮಾಡಿ ಬಾಲ ಸೇರಿಸಿದಳು. “ಅಷ್ಟಕ್ಕೇ ಇಷ್ಟು ಸಂಭ್ರಮಾನಾ? ಅಷ್ಟೊತ್ನಾಗೆ ನಾನೊಂದು ಮುದ್ದೆ ಕಟ್ತೀನಿ.”

ಅಜ್ಜಿ ಮೂಲೆಯಲ್ಲಿ ಕಿಸಕ್ಕೆಂದಳು. ಅಪ್ಪ ನಗಲಿಲ್ಲ. ಆವತ್ತು ಅಮ್ಮನಿಗೆ ಇನ್ನೊಂದು ಪ್ರಶ್ನೆ ಹೆಚ್ಚಿಗೆ ಬಿತ್ತು. ಅಮ್ಮ ಅಂಚೆಟ್ಟಿ ಕಡೆಯ ಕಾಡಂಚಿನ ಹಳ್ಳಿಯವಳು, ಅಕ್ಷರ ಬಾರದವಳು. ಕೇಳಿದ್ದನ್ನು ಮರೆಯದಿರಲೆಂದು ಒಲೆಯ ಮುಂದೆ ಹಿಟ್ಟು ತಿರುವುತ್ತ “ನಾಕು ಸಿಲಿಂಡರು, ನಾಕು ಸಿಲಿಂಡರು” ಎಂದು ಮಣಮಣ ಅನ್ನುತ್ತಿದ್ದಳು. ಮೊದಲ ವಿಮಾನ ಹಾರಿಸಿದ ಆ ಸೈಕಲ್ ಅಂಗಡಿ ಅಣ್ಣತಮ್ಮಂದಿರ ಎಂಜಿನ್ನಿಗೆ ನಾಲ್ಕು ಸಿಲಿಂಡರಂತೆ. ಅದನ್ನು ಅಂಚೆಟ್ಟಿಯ ಹೆಂಗಸೊಬ್ಬಳು ಸೌದೆ ಹೊಗೆ ಕುಡಿಯುತ್ತ ಯಾಕೆ ಬಾಯಿಪಾಠ ಮಾಡಬೇಕು ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಉರಿದು ಏನು ಮಾಡಲಿ, ಬಾಗಿಲು ಹಾಕಿರುತ್ತಿತ್ತು.

ಅಪ್ಪನಿಗೆ ಈ ಹುಚ್ಚು ಹತ್ತಿದ್ದು ಹೇಗೆ ಎಂಬುದನ್ನು ಅಮ್ಮ ಒಮ್ಮೆ ಹೇಳಿದ್ದಳು. ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಕುಟುಂಬದ ದಿನ ಅಂತ ಮಾಡುತ್ತಿದ್ದರು. ಊಟ, ಆಟ, ಜೊತೆಗೆ ವಿಮಾನದ ಬಗ್ಗೆ ಒಂದು ಕ್ವಿಜ್. ಚಿಕ್ಕಿ ತೊಟ್ಟಿಲಲ್ಲಿದ್ದಾಗ ಅಪ್ಪ ಆ ಕ್ವಿಜ್‌ಗೆ ವೇದಿಕೆ ಹತ್ತಿದ್ದನಂತೆ. ಹಳೇ ಕಾಲದ ವಿಮಾನಗಳಲ್ಲಿ ಒಂದು ಬಗೆಯ ಎಂಜಿನ್ ಇತ್ತು. ನಡುವೆ ಒಂದು ಶಾಫ್ಟು, ಅಂದರೆ ಉಕ್ಕಿನ ದಂಡ, ಅದರ ಸುತ್ತ ಹೂವಿನ ಎಸಳಿನಂತೆ ಸಿಲಿಂಡರುಗಳು. ಇದರಲ್ಲಿ ತಿರುಗುವುದು ಯಾವುದು, ನಿಂತಿರುವುದು ಯಾವುದು? ಪ್ರಶ್ನೆ ಇಷ್ಟೇ. ಅಪ್ಪ ತಟಕ್ಕನೆ ಹೇಳಿದ, ಶಾಫ್ಟು ತಿರುಗುತ್ತೆ, ಸಿಲಿಂಡರು ನಿಂತಿರುತ್ತೆ. ತಪ್ಪು ಎಂದರು. ಅಲ್ಲಿಗೆ ಇಳಿದು ಬಂದಿದ್ದರೆ ನಮ್ಮ ಮುದ್ದೆ ಬಿಸಿಯಾಗಿಯೇ ಇರುತ್ತಿತ್ತು. ಇವನು ಮೈಕು ಹಿಡಿದುಕೊಂಡು ವಾದಕ್ಕೆ ನಿಂತ. “ಯಾವತ್ತಾದ್ರೂ ಎಂಜಿನ್ ಮೈಯೇ ತಿರುಗುತ್ತೇನ್ರೀ? ದಿನಾ ಮಿಷಿನ್ ಮುಂದೆ ನಿಂತಿರೋನು ನಾನು!” ಇಡೀ ಸಭೆ ನಕ್ಕಿತಂತೆ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದವರೆಲ್ಲ ನಕ್ಕರಂತೆ.

ಆ ನಗು ಅವನ ಎದೆಯಲ್ಲಿ ಮುಳ್ಳಿನಂತೆ ನಟ್ಟುಬಿಟ್ಟಿತು. ನಿವೃತ್ತರಾದ ಒಬ್ಬ ತರಬೇತಿ ಮೇಷ್ಟ್ರ ಹತ್ತಿರ ಹಳೆಯ ಇಂಗ್ಲಿಷ್ ಹಾಳೆಗಳನ್ನು ಕೇಳಿ ತಂದ. ಜೊತೆ ಕೆಲಸದ ಒಬ್ಬ ತಮಿಳಿನಲ್ಲಿ ಬಿಡಿಸಿ ಹೇಳಿದ, ಅಪ್ಪ ಕನ್ನಡದಲ್ಲಿ ಬರೆದುಕೊಂಡ. ಆ ಹಾಳೆಯಲ್ಲಿ ಅದೇ ಪ್ರಶ್ನೆಯೂ ಇತ್ತು, ಎಂಜಿನ್ನಿನ ಮೈಯೇ ತಿರುಗುತ್ತದೆ ಎಂಬ ಉತ್ತರವೂ ಇತ್ತು. ಅಪ್ಪ ಅದನ್ನು ಬರೆದುಕೊಂಡು, ಅಚ್ಚಿನ ತಪ್ಪು ಎಂದು ತೀರ್ಮಾನಿಸಿ, ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ, ಕೆಳಗೆ ತನ್ನ ಉತ್ತರ ಬರೆದ. ನೋಟ್‌ಬುಕ್ಕಿನ ಮೊದಲ ಪುಟದ ಮೊದಲ ಪ್ರಶ್ನೆ ಅದು. ವಾರಕ್ಕೊಮ್ಮೆಯಾದರೂ ನನ್ನ ಪಾಲಿಗೆ ಬರುತ್ತಿತ್ತು. “ಶಾಫ್ಟು ತಿರುಗುತ್ತೆ, ಸಿಲಿಂಡರು ನಿಂತಿರುತ್ತೆ” ಎಂದು ನಾನು ಹೇಳಿದಾಗ ಅವನ ಮುಖ ಸಡಿಲವಾಗುತ್ತಿತ್ತು. ಆ ದಿನದ “ಸರಿ” ಸ್ವಲ್ಪ ಮೆತ್ತಗಿರುತ್ತಿತ್ತು.

ಪ್ರಶ್ನೆಗಳೆಲ್ಲ ಬೇಡವಾಗಿದ್ದವು ಎಂದು ಹೇಳಿದರೆ ಸುಳ್ಳಾದೀತು. ಸಮುದ್ರ ದಾಟುವಾಗ ಎಂಜಿನ್ ಕಾದು, ಇನ್ನೇನು ನಿಂತಿತು ಅನ್ನುವಷ್ಟರಲ್ಲಿ ಮಳೆ ಹುಯ್ದು ತಣ್ಣಗಾಗಿ ಬಚಾವಾದವನ ಕಥೆ ನನಗೆ ಇಷ್ಟವಾಗಿತ್ತು. ಹರಳೆಣ್ಣೆಯ ಪ್ರಶ್ನೆಯಂತೂ ಮನೆಮಂದಿಗೆಲ್ಲ ಇಷ್ಟ. ನಮ್ಮ ರಾಗಿ ಹೊಲದ ಬದುವಿನಲ್ಲಿ ಹರಳು ಬೆಳೆಯುತ್ತಿತ್ತು. ಅಜ್ಜಿ ಅದನ್ನು ಹುರಿದು, ಒರಳಿನಲ್ಲಿ ಕುಟ್ಟಿ, ನೀರು ಹಾಕಿ ಕುದಿಸಿ ಎಣ್ಣೆ ತೆಗೆಯುತ್ತಿದ್ದಳು. ಆ ಘಾಟು ಮೂರು ದಿನ ಮನೆ ಬಿಟ್ಟು ಹೋಗುತ್ತಿರಲಿಲ್ಲ, ಹೋಗಲು ಬಾಗಿಲಾದರೂ ಎಲ್ಲಿತ್ತು. ತಿಂಗಳ ಮೊದಲ ಭಾನುವಾರ ನಮ್ಮ ಮೂಗು ಹಿಡಿದು ಒಂದೊಂದು ಚಮಚ ಗಂಟಲಿಗೆ ಹುಯ್ದು ಬೆಲ್ಲದ ಚೂರು ಕೊಡುತ್ತಿದ್ದಳು. ಹಳೇ ವಿಮಾನದ ಎಂಜಿನ್ನಿಗೆ ಹಾಕುತ್ತಿದ್ದದ್ದೂ ಈ ಹರಳೆಣ್ಣೆಯೇ. ಪೆಟ್ರೋಲಿನ ಜೊತೆ ಬೆರೆಯುವುದಿಲ್ಲವಂತೆ. ಅದರ ಹೊಗೆ ಕುಡಿದು ಓಡಿಸುವವರ ಹೊಟ್ಟೆ ಕೆಟ್ಟು ಹೋಗುತ್ತಿತ್ತಂತೆ. ಅಪ್ಪ ಇದನ್ನು ಓದಿದ ದಿನ ಅಜ್ಜಿ ಕೈ ನೆಕ್ಕುವುದನ್ನು ನಿಲ್ಲಿಸಿ ಕೇಳಿದಳು:

“ಅಂದ್ರೆ ಮೋಡದ ಮೇಲೆ ಇರೋವಾಗ್ಲೇ?”

“ಹೂಂ ಕಣವ್ವ.”

“ಅಯ್ಯೋ ಪಾಪ! ಕೆಳಗೆ ಇದ್ದೋರ ಗತಿ?”

ಆ ದಿನ ಅಪ್ಪನೂ ನಕ್ಕ. ಅವನ ಹಲ್ಲು ಅಷ್ಟು ಬಿಳಿ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಅಂಥ ಸಂಜೆಗಳೂ ಇದ್ದವು, ಎಣಿಸಿದರೆ ಒಂದು ಕೈ ಬೆರಳು ಸಾಕು.

ಇನ್ನೊಂದು ಸಂಜೆ ಮಾತ್ರ ನಾನು ಸಾಯುವ ತನಕ ಮರೆಯುವುದಿಲ್ಲ. ಅಪ್ಪ ಆಗಷ್ಟೇ ಅಗುಳಿ ಹಾಕಿ ಕೂತಿದ್ದ. ಹೊರಗೆ ಗುಂಯ್ ಎಂಬ ಸದ್ದು ಹತ್ತಿರವಾಯಿತು. ಬೀದಿಯ ಮಕ್ಕಳೆಲ್ಲ “ಏರೋಪ್ಲೇನು! ಕೆಳಗೇ ಬತ್ತಾ ಐತೆ!” ಎಂದು ಕಿರುಚುತ್ತ ಓಡಿದರು. ಯಾವುದೋ ಸಣ್ಣ ವಿಮಾನ, ನಮ್ಮ ಚಪ್ಪಡಿ ಸೂರಿನ ಮೇಲೇ ಹಾದು ಹೋಗುತ್ತಿರಬೇಕು, ತಟ್ಟೆಗಳು ಸಣ್ಣಗೆ ನಡುಗಿದವು. ಚಿಕ್ಕಿ ಅರ್ಧ ಎದ್ದಿದ್ದಳು. ಅಪ್ಪ ಕಣ್ಣಲ್ಲೇ ಕೂರಿಸಿದ. “ಕಾಗದದ ಹಾಗೆ ತೆಳುವಾದ ಬಟ್ಟೆ ಹೊದಿಸಿದ್ದು ವಿಮಾನದ ಯಾವ ಭಾಗಕ್ಕೆ?” ಎಂದು ನನ್ನನ್ನು ಕೇಳಿದ. ರೆಕ್ಕೆಗೆ ಎಂದೆ. ನಾನು ಹೇಳಿ ಮುಗಿಸುವಷ್ಟರಲ್ಲಿ ಸದ್ದು ದೂರ ಹೋಗಿತ್ತು. ವಿಮಾನ ನೋಡಲು ಬಿಡದೆ ಕೂರಿಸಿ ವಿಮಾನದ ಪ್ರಶ್ನೆ ಕೇಳಿದ ತಂದೆ ಲೋಕದಲ್ಲಿ ಇವನೊಬ್ಬನೇ ಇರಬೇಕು. ಆ ಸಂಜೆ ನನಗೆ ಈ ಮನೆಯಲ್ಲಿ ಇದ್ದರೆ ಉಸಿರು ಕಟ್ಟಿ ಸಾಯುತ್ತೇನೆ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು.

ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದಾಗ ದಾರಿಯೊಂದು ಕಂಡಿತು. ಕೃಷ್ಣಗಿರಿಯಲ್ಲಿ ಹುಡುಗಿಯರಿಗೆ ಹಾಸ್ಟೆಲ್ ಇರುವ ಒಂದು ಪಾಲಿಟೆಕ್ನಿಕ್ ಇದೆ ಎಂದು ನಮ್ಮ ಟೀಚರು ಫಾರಂ ತಂದುಕೊಟ್ಟರು. ತಂದೆಯ ರುಜು ಬೇಕು. ಇನ್ನೊಂದು ಕಡೆ ಅಮ್ಮನ ತಮ್ಮ, ಅಂಚೆಟ್ಟಿ ಮಾವ, ನನ್ನನ್ನು ಕೇಳಿಕೊಂಡು ಎರಡು ಸಲ ಬಂದು ಹೋಗಿದ್ದ. ಕೆಟ್ಟವನಲ್ಲ. ಗುಡ್ಡದ ಮೇಲೆ ಮಳೆ ನಂಬಿದ ಹೊಲ, ದಿನಕ್ಕೆರಡು ಬಸ್ಸು, ಅದನ್ನು ಹಿಡಿಯಲು ಒಂದು ಗಂಟೆ ನಡಿಗೆ. ಒಂದು ಚಪ್ಪಡಿ ಮನೆಯಿಂದ ಇನ್ನೊಂದಕ್ಕೆ ಹೋಗುವುದಕ್ಕೆ ಮದುವೆ ಎಂದು ಹೆಸರು. ನಾನು ಫಾರಂ ಹಿಡಿದು ಅಪ್ಪನ ಮುಂದೆ ನಿಂತೆ. ಅವನು ಅದನ್ನು ಓದಿ, ನಾಲ್ಕು ಮಡಿಕೆ ಮಾಡಿ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿಟ್ಟ.

“ಈ ಸಲ ಕುಟುಂಬದ ದಿನಕ್ಕೆ ಮಕ್ಕಳ ಕ್ವಿಜ್ ಅಂತೆ. ನೀನು ಕೂತ್ಕೋ. ಗೆದ್ರೆ ರುಜು ಹಾಕ್ತೀನಿ.”

“ಗೆಲ್ದಿದ್ರೆ?”

“ಗೆಲ್ದೆ ಏನು? ಬುಕ್ಕೆಲ್ಲ ನಿನ್ ಬಾಯಲ್ಲೈತೆ.”

ಒಂದು ತಿಂಗಳಿತ್ತು. ನಾನು ದೆವ್ವ ಹಿಡಿದವಳಂತೆ ಓದಿದೆ. ನಮ್ಮ ಶಾಲೆಯ ಲೈಬ್ರರಿ ಅಂದರೆ ಹೆಡ್‌ಮಾಸ್ಟರ ಕೋಣೆಯ ಒಂದು ಬೀರು. ಅದರಲ್ಲಿ ತಮಿಳಿನ ದಪ್ಪ ವಿಶ್ವಕೋಶದ ಸಂಪುಟವೊಂದು ಸಿಕ್ಕಿತು. ತಿರುವಿ ಹಾಕುವಾಗ ಒಂದು ಪುಟದಲ್ಲಿ ಆ ಎಂಜಿನ್ನಿನ ಚಿತ್ರವಿತ್ತು. ಅಕ್ಷರ ಅಕ್ಷರ ಕೂಡಿಸಿ ಓದಿದೆ. ಶಾಫ್ಟನ್ನು ವಿಮಾನಕ್ಕೆ ಬಿಗಿದಿರುತ್ತಾರೆ, ಅದು ಅಲುಗುವುದಿಲ್ಲ. ಸಿಲಿಂಡರುಗಳ ಸಮೇತ ಎಂಜಿನ್ನೆಲ್ಲ ಅದರ ಸುತ್ತ ತಿರುಗುತ್ತದೆ, ಪ್ರೊಪೆಲ್ಲರು ಅದರ ಜೊತೆಗೇ ತಿರುಗುತ್ತದೆ. ಮೂರು ಸಲ ಓದಿದೆ. ಅಪ್ಪ ಹೊಡೆದುಹಾಕಿದ್ದೇ ಸರಿಯಾದ ಉತ್ತರವಾಗಿತ್ತು.

ಅವನಿಗೆ ಹೇಳುವ ಎದೆ ನನಗಿರಲಿಲ್ಲ. ಅಜ್ಜಿಗೆ ಹೇಳಿದೆ. ಅವಳು ನಡುಮನೆಯ ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂತು ರಾಗಿ ಬೀಸುತ್ತಿದ್ದಳು. ಊರಿಗೆ ಮಿಲ್ಲು ಬಂದಿದ್ದರೂ ಮಿಲ್ಲಿನ ಹಿಟ್ಟಿಗೆ ಸುಟ್ಟ ವಾಸನೆ ಎಂದು ಅವಳ ತಕರಾರು. ನಾನು ಬೆರಳಲ್ಲಿ ಹಿಟ್ಟಿನ ಮೇಲೆ ಚಿತ್ರ ಬರೆದು ತೋರಿಸಿದೆ. ಅವಳು ಒಂದು ಗಳಿಗೆ ನೋಡಿದಳು.

“ಇದ್ರಾಗೇನೈತೆ ಅತಿಶಯ? ನಡುಗೂಟ ನಿಂತಿರ್ತೈತೆ, ಕಲ್ಲು ಸುತ್ತತೈತೆ. ಇಷ್ಟಕ್ಕಾ ನಿಮ್ಮಪ್ಪ ಹತ್ತೊರ್ಸದಿಂದ ಮುದ್ದೆ ಆರಿಸ್ತಾ ಇರೋದು?”

ನಾನು ಕಲ್ಲನ್ನೇ ನೋಡಿದೆ. ಕೆಳಗಲ್ಲಿಗೆ ಹೊಡೆದ ಗೂಟ ಅಲುಗದೆ ನಿಂತಿತ್ತು. ಮೇಲಿನ ಕಲ್ಲು ಅದರ ಸುತ್ತ ಗರಗರ ತಿರುಗುತ್ತಿತ್ತು. ದಿನವೂ ಇದರ ಪಕ್ಕದಲ್ಲೇ ಕೂತು ಅಪ್ಪ ಆ ಪ್ರಶ್ನೆ ಕೇಳುತ್ತಿದ್ದ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಕಂಬಕ್ಕೆ ಬೆನ್ನು ಕೊಟ್ಟು ಕೂರುವ ಅವನು, ಅವನ ಸುತ್ತ ನಾವು ಮೂವರು ಎಂದು ಏನೋ ಹೊಳೆಯಿತು. ಆ ಸಂಜೆ ಅದೇ ಪ್ರಶ್ನೆ ಬಂತು. ಮುದ್ದೆ ಹೊಗೆಯಾಡುತ್ತಿತ್ತು, ಚಿಕ್ಕಿ ತೂಕಡಿಸುತ್ತಿದ್ದಳು. ನಾನು ಅವನ ಉತ್ತರವನ್ನೇ ಹೇಳಿದೆ.

ಕುಟುಂಬದ ದಿನ ಹೊಸೂರಿನ ಒಂದು ದೊಡ್ಡ ಹಾಲಿನಲ್ಲಿ ನಡೆಯಿತು. ಅಪ್ಪ ಇಸ್ತ್ರಿ ಮಾಡಿದ ಕಂಪನಿ ಶರಟು ಹಾಕಿ ಮೂರನೇ ಸಾಲಿನಲ್ಲಿ ಕೂತಿದ್ದ. ಪಕ್ಕದಲ್ಲಿ ಅಮ್ಮ, ಚಿಕ್ಕಿ. ವೇದಿಕೆಯ ಮೇಲೆ ನಾವು ಹನ್ನೊಂದು ಮಕ್ಕಳು. ನಾನು ಪಟಪಟನೆ ಹೇಳಿದೆ. ಕುರಿ ಬಾತು ಹುಂಜ ಬಂತು, ಹರಳೆಣ್ಣೆ ಬಂತು, ಬೆಂಕಿಯ ಗಾಳಿ ಹಿಂದಕ್ಕೆ ಉಗುಳುವ ಎಂಜಿನ್ನನ್ನು ಒಬ್ಬರಿಗೊಬ್ಬರು ತಿಳಿಯದೆ ಎರಡು ದೇಶಗಳಲ್ಲಿ ಇಬ್ಬರು ಮಾಡಿದ್ದು ಬಂತು. ಕೊನೆಗೆ ಉಳಿದವರು ನಾನು ಮತ್ತು ಒಬ್ಬ ಸೂಪರ್‌ವೈಸರ ಮಗಳು, ಇಬ್ಬರದೂ ಸಮ. ಒಂದೇ ಪ್ರಶ್ನೆ, ಮೊದಲು ನನಗೆ, ತಪ್ಪಿದರೆ ಅವಳಿಗೆ. ಕ್ವಿಜ್ ನಡೆಸುತ್ತಿದ್ದ ಎಂಜಿನಿಯರು ಚೀಟಿ ತೆಗೆದು ನೋಡಿ ನಕ್ಕ. ಇದು ಹಳೇ ಫೇಮಸ್ ಪ್ರಶ್ನೆ, ಹಿಂದೊಮ್ಮೆ ಇದಕ್ಕೆ ಇಲ್ಲಿ ಜಗಳವೇ ಆಗಿತ್ತು ಎಂದು ತಮಿಳಿನಲ್ಲಿ ಹೇಳಿದ. ನೆನಪಿದ್ದವರು ನಕ್ಕರು. ನಾಲ್ಕೈದು ತಲೆ ಮೂರನೇ ಸಾಲಿನ ಕಡೆಗೆ ತಿರುಗಿತು. ತಿರುಗುವುದು ಯಾವುದು, ನಿಂತಿರುವುದು ಯಾವುದು?

ನಾನು ಅಪ್ಪನನ್ನು ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ, ತನ್ನ ಕಾಲ ಬುಡ ನೋಡುತ್ತಿದ್ದ. ಕಿವಿ ಕೆಂಪಾಗಿತ್ತು. ನನಗೆ ಉತ್ತರ ಗೊತ್ತಿತ್ತು. ಹೇಳಿದರೆ ಕೃಷ್ಣಗಿರಿ, ಹೇಳದಿದ್ದರೆ ಅಂಚೆಟ್ಟಿ. ಬಾಯಿ ತೆರೆದೆ.

“ಶಾಫ್ಟು ತಿರುಗುತ್ತೆ. ಸಿಲಿಂಡರು ನಿಂತಿರುತ್ತೆ.”

ಅಪ್ಪನ ಮೇಲಿನ ಪ್ರೀತಿಯಿಂದ ಹಾಗೆ ಹೇಳಿದೆ ಎಂದರೆ ಕೇಳಲು ಚೆನ್ನಾಗಿರುತ್ತದೆ. ನನ್ನ ಮಕ್ಕಳಿಗೂ ಹಾಗೇ ಹೇಳಿದ್ದೇನೆ. ನಿಜ ಅದಲ್ಲ. ಆ ಪ್ರಶ್ನೆಗೆ ಬೇರೆ ಉತ್ತರ ಹೇಳಿ ನಾನು ಯಾವತ್ತೂ ಊಟ ಮಾಡಿದವಳಲ್ಲ. ಬಾಯಿಗೆ ಅದೊಂದೇ ಅಭ್ಯಾಸವಾಗಿತ್ತು. ಅಗುಳಿ ಹಾಕದ ಅಷ್ಟು ದೊಡ್ಡ ಹಾಲಿನಲ್ಲಿ, ಗೆಲ್ಲಬೇಕೆಂದು ಹಂಬಲಿಸಿ ಬಂದವಳು, ನಾನಾಗಿಯೇ ನಮ್ಮ ನಡುಮನೆಯೊಳಕ್ಕೆ ಹೋಗಿ ಕೂತುಬಿಟ್ಟೆ. ಸಭೆ ಮತ್ತೆ ನಕ್ಕಿತು. ಸೂಪರ್‌ವೈಸರ ಮಗಳು ಸರಿಯಾದ ಉತ್ತರ ಹೇಳಿ ಕಪ್ಪು ತೆಗೆದುಕೊಂಡಳು. ಅದಕ್ಕೂ ಮುಂಚೆ, ಆ ನಗುವಿನ ನಡುವೆ, ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದ. ಒಬ್ಬನೇ ತಟ್ಟಿದ. ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ವಾಪಸು ಬರುವಾಗ ಅವನ ಖುಷಿ ಹೇಳತೀರದು. ಬಸ್ ಸ್ಟ್ಯಾಂಡಿನಲ್ಲಿ ಬಜ್ಜಿ ಕೊಡಿಸಿದ, ಕಾಫಿ ಕೊಡಿಸಿದ.

“ಎಲ್ರ ಮುಂದೇನೂ ನನ್ ಮಾತು ಉಳಿಸ್ಬುಟ್ಟೆ ಕಣಮ್ಮಿ. ಅವ್ರಿಗೇನ್ ಗೊತ್ತು, ಬೆಪ್ಪುತಕ್ಕಡಿಗಳು.”

“ಅಪ್ಪಾ, ಫಾರಂ?”

“ಗೆದ್ರೆ ಅಂದಿದ್ದೆ ಅಲ್ವಾ?” ಮೆತ್ತಗೆ ಹೇಳಿದ. ಸಿಟ್ಟಿಲ್ಲ, ಕುಹಕವಿಲ್ಲ. ಲೆಕ್ಕ ಮುಗಿಯಿತು ಎನ್ನುವಂತೆ ಕಾಫಿ ಲೋಟ ಕೆಳಗಿಟ್ಟ. ನನಗೆ ಅವನ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದ ಸಿಟ್ಟು ದೊಡ್ಡದು. ಕೈಯಾರೆ ಬಾಗಿಲು ಹಾಕಿಕೊಂಡು ಬಂದಿದ್ದೆ.

ಮನೆಗೆ ಬಂದು ಕತ್ತಲೆ ಕೋಣೆಯಲ್ಲಿ ರಾಗಿ ಮೂಟೆಗೆ ಒರಗಿ ಅತ್ತೆ. ಅಮ್ಮ ಬಂದು ಪಕ್ಕದಲ್ಲಿ ಕೂತಳು.

“ಅಂಚೆಟ್ಟಿಗೇ ಹೋಗು ಬುಡು. ನನ್ ತಮ್ಮ ಪ್ರಶ್ನೆ ಕೇಳಲ್ಲ. ತಟ್ಟೆ ಇಟ್ರೆ ಉಣ್ಣೋದು ಅಷ್ಟೇ.”

ಅವಳ ಪಾಲಿಗೆ ಬಿಡುಗಡೆ ಅಂದರೆ ಅದೇ ಆಗಿತ್ತು. ಅದನ್ನು ಕೇಳಿ ನನಗೆ ಇನ್ನಷ್ಟು ಅಳು ಬಂತು. ಅಜ್ಜಿ ಬಾಗಿಲಲ್ಲಿ ನಿಂತು ಏನಾಯಿತು ಎಂದು ಕೇಳಿದಳು. ಹೇಳಿದೆ.

ಮಾರನೇ ದಿನ ಭಾನುವಾರ. ಬೆಳಗ್ಗೆ ಅಜ್ಜಿ ರಾಗಿ ಮೊರ ಇಟ್ಟುಕೊಂಡು ಕಲ್ಲಿನ ಮುಂದೆ ಕೂತು ಅಪ್ಪನನ್ನು ಕರೆದಳು.

“ಲೇ ಮುನಿರಾಜ, ತೋಳು ಹಿಡ್ಕೊಂಡೈತೆ. ಬಾ, ಒಂದು ಕೈ ಹಾಕು.”

ಅಪ್ಪ ಗೊಣಗುತ್ತ ಎದುರಿಗೆ ಕೂತ. ಚಿಕ್ಕವನಿದ್ದಾಗ ಬೀಸಿದ ಕೈ, ಬೇಗ ಹದಕ್ಕೆ ಬಂತು. ಇಬ್ಬರೂ ಒಂದೇ ಹಿಡಿ ಹಿಡಿದು ತಿರುಗಿಸಿದರು. ಅಜ್ಜಿ ಇನ್ನೊಂದು ಕೈಯಲ್ಲಿ ರಾಗಿ ಹಾಕುತ್ತ ಕೇಳಿದಳು:

“ನಡುಗೂಟ ತಿರುಗ್ತಾ ಐತಾ?”

“ಗೂಟ ಯಾಕವ್ವ ತಿರುಗ್ತೈತೆ?”

“ಮತ್ತೇನು ತಿರುಗ್ತಾ ಐತೆ?”

“ಕಲ್ಲು.”

“ಹಿಟ್ಟು ಬೀಳ್ತಾ ಐತಾ?”

ಕಲ್ಲು ನಿಧಾನವಾಯಿತು. ಅಡುಗೆಮನೆಯ ಹೊಸ್ತಿಲಲ್ಲಿ ನಾನು ನಿಂತಿದ್ದೆ. ಅಜ್ಜಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಆ ಮಗೀಗೆ ಇದು ಗೊತ್ತಿತ್ತು ಕಣ್ಲಾ. ಪುಸ್ತಕ್ದಾಗೆ ಓದಿ ನಂಗೆ ಹೇಳಿ ಎಷ್ಟೋ ದಿನ ಆಗೈತೆ. ನಿನ್ನೆ ಅಷ್ಟು ಜನದ ಮುಂದೆ ನಿನ್ ಮುಖ ನೋಡಿ ತಪ್ಪು ಹೇಳಿ ಬಂದವ್ಳೆ. ನೀನು ಚಪ್ಪಾಳೆ ತಟ್ದಂತೆ.”

ಕಲ್ಲು ನಿಂತಿತು. ಅಪ್ಪನ ಕೈ ಹಿಡಿಯ ಮೇಲೆ ಹಾಗೇ ಇತ್ತು. ಅವನು ಎದ್ದು, ಕೈಯ ಹಿಟ್ಟನ್ನೂ ಒರೆಸಿಕೊಳ್ಳದೆ ಹೊರಗೆ ಹೋದ. ಇಡೀ ದಿನ ಮನೆ ಕಡೆ ಬರಲಿಲ್ಲ.

ಸಂಜೆ ಬಂದ. ಕಾಲು ತೊಳೆದ. ಅಗುಳಿ ಹಾಕಿದ. ಕಂಬಕ್ಕೆ ಒರಗಿ ಕೂತ. ನಾವೂ ತಟ್ಟೆ ಮುಂದೆ ಕೂತೆವು. ಚಿಕ್ಕಿಗೆ ಕುರಿ, ಬಾತು, ಹುಂಜ. ಅಮ್ಮನಿಗೆ ಹನ್ನೆರಡು ಸೆಕೆಂಡು. ನನ್ನ ಸರದಿ ಬಂದಾಗ ಅವನು ನೋಟ್‌ಬುಕ್ ತೆರೆಯಲೇ ಇಲ್ಲ.

“ಹಳೇ ಎಂಜಿನ್ನಾಗೆ ತಿರುಗೋದು ಯಾವ್ದು, ನಿಂತಿರೋದು ಯಾವ್ದು?”

ಅಮ್ಮ ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದಳು. ಮುದ್ದೆಯ ಹೊಗೆ ನಿಂತೇಹೋಗಿತ್ತು.

“ಶಾಫ್ಟು ನಿಂತಿರುತ್ತೆ,” ಎಂದೆ. “ಮಿಕ್ಕಿದ್ದೆಲ್ಲ ಅದ್ರ ಸುತ್ತ ಸುತ್ತುತ್ತೆ.”

ಅಪ್ಪ ನನ್ನನ್ನು ನೋಡಿದ, ಅಮ್ಮನನ್ನು ನೋಡಿದ, ನಿದ್ದೆಗೆಟ್ಟು ಕೂತಿದ್ದ ಚಿಕ್ಕಿಯನ್ನು ನೋಡಿದ. ನಮ್ಮ ಮೂವರ ಮಡಿಲಲ್ಲಿದ್ದ ಕೈಗಳನ್ನು ನೋಡಿದ. ಮೊದಲ ಸಲ ನೋಡಿದವನಂತೆ ನೋಡಿದ.

“ಸರಿ,” ಎಂದ.

ಯಾರ ಕೈಯೂ ತಟ್ಟೆಗೆ ಹೋಗಲಿಲ್ಲ. ನಮಗೆ ನಂಬಿಕೆ ಬರಲಿಲ್ಲ. ಮೂಲೆಯಿಂದ ಅಜ್ಜಿ ಗದರಿದಳು. “ಸರಿ ಅಂದ್ನಲ್ಲ, ತಿನ್ರೇ!” ನಾವು ತಿನ್ನುತ್ತಿರುವಾಗ ಅಪ್ಪ ನೋಟ್‌ಬುಕ್ಕಿನ ಕೊನೆಯ ಪುಟದಿಂದ ಫಾರಂ ತೆಗೆದು, ಮಡಿಕೆ ಬಿಡಿಸಿ, ಜೇಬಿನ ಕೆಂಪು ಪೆನ್ನಿನಲ್ಲಿ ರುಜು ಹಾಕಿದ.

ಎರಡು ದಿನ ಬಿಟ್ಟು ನಾವಿಬ್ಬರೂ ಕೃಷ್ಣಗಿರಿಗೆ ಹೊರಟೆವು. ಬಸ್ಸು ಅರ್ಧ ದಾರಿ ದಾಟಿದಾಗ ಅವನು ಕಿಟಕಿ ಕಡೆ ನೋಡಿಕೊಂಡೇ ಕೇಳಿದ:

“ಗೊತ್ತಿದ್ದೂ ಮನೇಲಾದ್ರೂ ಯಾಕಮ್ಮಿ ಹೇಳ್ಳಿಲ್ಲ?”

“ಮುದ್ದೆ ಆರೋಗ್ತಿತ್ತಲ್ಲಪ್ಪಾ.”

ಕೃಷ್ಣಗಿರಿಯ ಆಫೀಸಿನಲ್ಲಿ ಗುಮಾಸ್ತ ಫಾರಂ ನೋಡಿ ಕೆಂಪು ಮಸಿಯ ರುಜು ನಡೆಯುವುದಿಲ್ಲ ಎಂದು ತಳ್ಳಿದ. ಇವನೀಗ ಮೈಕು ಹಿಡಿದಂತೆ ಜಗಳಕ್ಕೆ ನಿಲ್ಲುತ್ತಾನೆ, ಇಲ್ಲವೇ ಫಾರಂ ಕಸಿದುಕೊಂಡು ಬಾಗಿಲ ಕಡೆ ನಡೆಯುತ್ತಾನೆ ಎಂದುಕೊಂಡೆ. ಅಪ್ಪ ಒಂದು ಗಳಿಗೆ ಕೆಂಪು ಪೆನ್ನನ್ನೇ ನೋಡಿದ. ಆಮೇಲೆ ಪಕ್ಕದವರ ಹತ್ತಿರ ನೀಲಿ ಪೆನ್ನು ಕೇಳಿ ಪಡೆದು, ಬಗ್ಗಿ ನಿಂತು, ಇನ್ನೊಂದು ಸಲ ರುಜು ಹಾಕಿದ.

ಆ ನೋಟ್‌ಬುಕ್ಕು ಈಗ ನನ್ನ ಹತ್ತಿರ ಇದೆ. ಮೊದಲ ಪುಟದ ಆ ಕೆಂಪು ಉತ್ತರವನ್ನು ಅವನು ತಿದ್ದಿಲ್ಲ. ನಾನು ಮನೆ ಬಿಟ್ಟ ದಿನ ಚಿಕ್ಕಿ ನನ್ನ ಟ್ರಂಕು ಹಿಡಿದುಕೊಂಡು “ಇನ್ ಮೇಲೆ ನಿನ್ ಪ್ರಶ್ನೇನೂ ನಂಗೇ ಬತ್ತವಾ ಅಕ್ಕಾ?” ಎಂದು ಕೇಳಿದಳು. ಓಡಿ ಬಸ್ಸು ಹತ್ತಿದೆ.

ಹಾಸ್ಟೆಲಿನಲ್ಲಿ ಮೊದಲ ಸಂಜೆ. ಉದ್ದನೆಯ ಊಟದ ಕೋಣೆ, ಎರಡು ಕಡೆಯೂ ಬಾಗಿಲು, ಎರಡೂ ಹಾರುಹೊಡೆದು ತೆರೆದಿದ್ದವು. ಗಾಳಿ ಆ ಕಡೆಯಿಂದ ಬಂದು ಈ ಕಡೆ ಹೋಗುತ್ತಿತ್ತು. ನೆಲದ ಮೇಲೆ ಸಾಲಾಗಿ ಕೂತ ಹುಡುಗಿಯರೆಲ್ಲ ಗಲಗಲ ಮಾತಾಡುತ್ತ ಉಣ್ಣುತ್ತಿದ್ದರು. ನನ್ನ ತಟ್ಟೆಯಲ್ಲಿ ಅನ್ನ, ಸಾಂಬಾರು, ಬಿಸಿಯಾಗಿಯೇ ಇತ್ತು. ಹೊಟ್ಟೆ ಹಸಿದು ಚುರುಗುಟ್ಟುತ್ತಿತ್ತು. ನಾನು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಎಷ್ಟು ಹೊತ್ತು ಕೂತಿದ್ದೆನೋ, ಅನ್ನದ ಹೊಗೆ ನಿಂತಿತು. ಪಕ್ಕದ ಹುಡುಗಿ ತಿರುಗಿ ನೋಡಿ, ಊಟ ಮಾಡುವುದಿಲ್ಲವಾ ಎಂದು ತಮಿಳಿನಲ್ಲಿ ಕೇಳಿದಳು.

“ಮಾಡ್ತೀನಿ,” ಎಂದೆ.

“ಸರಿ,” ಎಂದಳು ಅವಳು.

ಆಮೇಲೆ ನನ್ನ ಕೈ ತಟ್ಟೆಗೆ ಹೋಯಿತು.